ವೃದ್ಧಾಶ್ರಮದಲ್ಲಿ ಅಮ್ಮನನ್ನು ಸರಿಯಾಗಿ ನೋಡಿಕೊಳ್ಳುತ್ತಿದ್ದಾರಾ ಅಂತ ತಿಳಿಯುವುದು ಹೇಗೆ?

ಹೇಳದೆ ಹೋಗಿ. ಊಟದ ಹೊತ್ತಿಗೆ, ಇಲ್ಲವೇ ಸಂಜೆ ಏಳರ ಮೇಲೆ. ಭಾನುವಾರ ಬೆಳಿಗ್ಗೆ ಎಲ್ಲ ಕಡೆಯೂ ಚೆನ್ನಾಗಿಯೇ ಇರುತ್ತದೆ, ಅಲ್ವಾ?

ಹೋದಾಗ ಅಮ್ಮನ ಕೈ ಹಿಡಿದು ಕೂತುಕೊಳ್ಳಿ. ಮಣಿಕಟ್ಟು, ತೋಳಿನ ಮೇಲೆ ಬೆರಳಿನ ಗುರುತಿನಂಥ ಕಪ್ಪು ಕಲೆ ಇದೆಯಾ? ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರಿಗೆ ಸುಮ್ನೆ ತಗುಲಿದರೂ ಕಲೆ ಬೀಳುತ್ತದೆ. ಆದರೆ ಎರಡೂ ತೋಳಿನಲ್ಲಿ ಒಂದೇ ಥರ ಇದ್ದರೆ ಕಾರಣ ಕೇಳಲೇಬೇಕು. ಹಿಮ್ಮಡಿ, ಸೊಂಟದ ಕೆಳಗೆ ಹುಣ್ಣಾಗಿದ್ದರೆ ಗಂಟೆಗಟ್ಟಲೆ ಮಗ್ಗುಲು ಬದಲಿಸಿಲ್ಲ ಅಂತ ಅನುಮಾನಿಸಬೇಕು. ನೀರಿನ ಲೋಟ ಕೈಗೆ ಎಟುಕುವಂತಿದೆಯಾ ನೋಡಿ. ಹೊಡೆತಕ್ಕಿಂತ ಇಂಥ ನಿರ್ಲಕ್ಷ್ಯ ಕಣ್ಣಿಗೆ ಬೀಳುವುದು ಕಷ್ಟ.

ನನಗೆ ಎಲ್ಲಕ್ಕಿಂತ ಜಾಸ್ತಿ ಭಯ ಹುಟ್ಟಿಸುವುದು, ಉತ್ತರ ಕೊಡುವ ಮೊದಲು ಅಮ್ಮ ನೋಡಿಕೊಳ್ಳುವ ಆಯಾಳ ಮುಖ ನೋಡುವುದು. ಹಾಗಾದರೆ ಹೊರಗೆ ಮರದ ಕೆಳಗೆ ಕರೆದುಕೊಂಡು ಹೋಗಿ, ಒಬ್ಬರೇ ಇದ್ದಾಗ ಮಾತಾಡಿಸಿ. ಯಾವಾಗಲೂ ತೂಕಡಿಸುತ್ತಿದ್ದರೆ ಮಾತ್ರೆಗಳ ಪಟ್ಟಿ ಕೇಳಿ, ನಿಮ್ಮ ಡಾಕ್ಟರಿಗೆ ತೋರಿಸಿ. ಪಿಂಚಣಿ ಖಾತೆ, ಎಟಿಎಂ ಕಾರ್ಡ್ ಬೇರೆಯವರ ಕೈಯಲ್ಲಿ ಬಿಡಬೇಡಿ.

ಸೇರಿಸುವ ಮೊದಲೇ ಒಂದು ಪ್ರಶ್ನೆ ಕೇಳಿ: ರಾತ್ರಿ ಎಷ್ಟು ಜನಕ್ಕೆ ಎಷ್ಟು ಮಂದಿ ಆಯಾ? ಸುಸ್ತಾದ ಒಬ್ಬಳೇ ಹೆಂಗಸು ಇಡೀ ಮಹಡಿ ನೋಡಿಕೊಳ್ಳುವ ಕಡೆ ತಾಳ್ಮೆ ಬೇಗ ಮುಗಿಯುತ್ತದೆ.

ಅನುಮಾನ ಬಂದರೆ ಫೋಟೊ ತೆಗೆದು ದಿನಾಂಕ ಬರೆದಿಡಿ. ಹಿರಿಯರ ಸಹಾಯವಾಣಿ 14567 ಉಚಿತ. ಜೀವಕ್ಕೆ ಅಪಾಯ ಅನ್ನಿಸಿದರೆ ತಕ್ಷಣ 112 ಒತ್ತಿ.