ಕಣ್ಣು ಕಾಣದವರು ಫಿಸಿಯೋಥೆರಪಿಸ್ಟ್ ಆಗಿರುವುದುಂಟೇ?

ನಿಮ್ಮ ತಮ್ಮನಿಗೆ ದೃಷ್ಟಿ ಕಡಿಮೆಯಾಗುತ್ತಾ ಬಂದಿದೆ, ಆದರೂ ಅವನಿಗೆ ಫಿಸಿಯೋಥೆರಪಿಯೇ ಓದಬೇಕಂತೆ, ಇಂಥವರು ಹಿಂದೆ ಯಾರಾದರೂ ಇದ್ದರಾ ಅಂತ ಕೇಳಿದ್ದೀರಿ. ಇದ್ದರು, ಈಗಲೂ ಇದ್ದಾರೆ. ನಾನು ದಾವಣಗೆರೆಯವಳು, ಇಂಗ್ಲೆಂಡಿನಲ್ಲಿ ಫಿಸಿಯೋ. ಇಲ್ಲಿ ಕೆಲಸಕ್ಕೆ ಸೇರಿದಾಗ ನನಗೆ ಕಲಿಸಿದ ಸೀನಿಯರ್‌ಗೆ ಎರಡೂ ಕಣ್ಣು ಕಾಣುತ್ತಿರಲಿಲ್ಲ. ಅವರ ಮೇಜಿನ ಕೆಳಗೆ ಅವರಿಗೆ ದಾರಿ ತೋರಿಸುವ ನಾಯಿ ಸದಾ ಮಲಗಿರುತ್ತಿತ್ತು.

ಅವರು ಓದಿದ್ದು ಲಂಡನ್ನಿನ ಗ್ರೇಟ್ ಪೋರ್ಟ್‌ಲ್ಯಾಂಡ್ ಸ್ಟ್ರೀಟಿನಲ್ಲಿ. ಅಂಧರಿಗಾಗಿಯೇ ಇದ್ದ ಫಿಸಿಯೋಥೆರಪಿ ಶಾಲೆ ಅದು. ಶುರುವಾದದ್ದು ಮೊದಲ ಮಹಾಯುದ್ಧದ ಹೊತ್ತಿಗೆ. ಆಗ ಈ ಕೆಲಸಕ್ಕೆ ಫಿಸಿಯೋಥೆರಪಿ ಅನ್ನುವ ಹೆಸರು ಅಷ್ಟಾಗಿ ಬಳಕೆಯಲ್ಲಿರಲಿಲ್ಲ, ಮಸಾಜ್ ಅಂತಲೇ ಕರೆಯುತ್ತಿದ್ದರು. ಆ ಮಾತಿಗೆ ಕೆಟ್ಟ ಹೆಸರೂ ಬಂದಿತ್ತು. ಮಸಾಜ್ ಮನೆಗಳ ಹೆಸರಲ್ಲಿ ಬೇರೆ ವ್ಯವಹಾರ ನಡೆಯುತ್ತಿದೆ ಅಂತ ಗುಲ್ಲೆದ್ದಾಗ, 1894ರಲ್ಲಿ ನಾಲ್ವರು ನರ್ಸ್‌ಗಳು ಸೇರಿ ಮಸಾಜ್ ತರಬೇತಿ ಪಡೆದ ಮಹಿಳೆಯರ ಸಂಘ ಕಟ್ಟಿದರು. ಪರೀಕ್ಷೆ, ಸರ್ಟಿಫಿಕೇಟ್, ಕಟ್ಟುನಿಟ್ಟಿನ ನಿಯಮ ಎಲ್ಲ ತಂದರು. ಅದೇ ಸಂಘ 1944ರಲ್ಲಿ ಚಾರ್ಟರ್ಡ್ ಸೊಸೈಟಿ ಆಫ್ ಫಿಸಿಯೋಥೆರಪಿ ಆಯಿತು.

ಈ ನಡುವೆ, 1914ರಲ್ಲಿ, ಮೊದಲ ಮಹಾಯುದ್ಧ ಬಂತು. ಮುರಿದ ಕೈಕಾಲು, ಬಿಗಿದುಹೋದ ಕೀಲುಗಳ ಸಾವಿರಾರು ಸೈನಿಕರು ಆಸ್ಪತ್ರೆಗಳಲ್ಲಿ ಬಿದ್ದಿದ್ದರು. ಮಸಾಜ್ ಗೊತ್ತಿದ್ದವರು ಎಷ್ಟು ಜನ ಇದ್ದರೂ ಸಾಲದು. ಇನ್ನೊಂದು ಕಡೆ ಗುಂಡಿನಿಂದ, ಬಾಂಬಿನಿಂದ ಕಣ್ಣು ಕಳೆದುಕೊಂಡು ಬಂದ ಹುಡುಗರು. ಇವರಿಗಾಗಿ 1915ರಲ್ಲಿ ಆರ್ಥರ್ ಪಿಯರ್ಸನ್ ಲಂಡನ್ನಿನಲ್ಲಿ ಸೇಂಟ್ ಡನ್‌ಸ್ಟನ್ಸ್ ಅನ್ನುವ ತರಬೇತಿ ಕೇಂದ್ರ ತೆರೆದರು. ಡೈಲಿ ಎಕ್ಸ್‌ಪ್ರೆಸ್ ಪತ್ರಿಕೆ ಹುಟ್ಟುಹಾಕಿದವರು ಇವರೇ. ಗ್ಲಾಕೋಮಾ ಅನ್ನುವ ಕಣ್ಣಿನ ಕಾಯಿಲೆಯಿಂದ ಸ್ವತಃ ಕಣ್ಣು ಕಳೆದುಕೊಂಡಿದ್ದರು. ಅಲ್ಲಿ ಬುಟ್ಟಿ ಹೆಣೆಯುವುದು, ಕೋಳಿ ಸಾಕುವುದು, ಬೂಟು ರಿಪೇರಿ, ಟೈಪಿಂಗ್ ಎಲ್ಲ ಕಲಿಸುತ್ತಿದ್ದರು. ಮಸಾಜೂ ಇತ್ತು. ಅದನ್ನು ಆರಿಸಿಕೊಂಡವರು ಮೂಳೆ, ಮಾಂಸಖಂಡ, ನರ ಎಲ್ಲ ಓದಿ, ಕಣ್ಣು ಕಾಣುವವರು ಬರೆಯುತ್ತಿದ್ದ ಪರೀಕ್ಷೆಯನ್ನೇ ಪಾಸಾಗಬೇಕಿತ್ತು. ನನಗೆ ಈ ಇತಿಹಾಸದಲ್ಲಿ ಜಾಸ್ತಿ ಹಿಡಿಸುವುದು ಇದೇ. ಯಾರೂ ಅವರಿಗೆ ಅಂತ ಒಂದು ಸುಲಭದ ಸರ್ಟಿಫಿಕೇಟ್ ಮಾಡಿಕೊಡಲಿಲ್ಲ.

ಮುಂದೆ ವಿದ್ಯುತ್ ಯಂತ್ರಗಳು ಬಂದಾಗ ಮೀಟರಿನ ಮುಳ್ಳನ್ನು ಮುಟ್ಟಿ ತಿಳಿಯುವ ಹಾಗೆ ಮಾಡಿಕೊಂಡರು. ನನ್ನ ಸೀನಿಯರ್ ಓದಿದ ಆ ಶಾಲೆ 1995ರಲ್ಲಿ ಮುಚ್ಚಿತು. ಅಲ್ಲಿಂದ ಮುಂದೆ ಇಂಥ ವಿದ್ಯಾರ್ಥಿಗಳು ವಿಶ್ವವಿದ್ಯಾಲಯಗಳಲ್ಲಿ ಎಲ್ಲರ ಜೊತೆಗೇ ಓದುತ್ತಿದ್ದಾರೆ.

ಜಪಾನಿನದು ಇನ್ನೂ ಹಳೆಯ ಕಥೆ. ಅದು ಫಿಸಿಯೋಥೆರಪಿ ಅಲ್ಲ ಬಿಡಿ, ಮಸಾಜು ಮತ್ತು ಸೂಜಿ ಚಿಕಿತ್ಸೆ. 17ನೇ ಶತಮಾನದ ಸುಗಿಯಾಮಾ ವಾಯಿಚಿ ಚಿಕ್ಕಂದಿನಲ್ಲೇ ಕಣ್ಣು ಕಳೆದುಕೊಂಡವರು. ಕೈ ಚುರುಕಿಲ್ಲ ಅಂತ ಗುರು ಓಡಿಸಿಬಿಟ್ಟನಂತೆ. ಸೂಜಿಯನ್ನು ಒಂದು ಸಣ್ಣ ಕೊಳವೆಯೊಳಗಿಟ್ಟು ಮೇಲಿಂದ ತಟ್ಟಿ ಚುಚ್ಚುವ ಉಪಾಯ ಕಂಡುಹಿಡಿದದ್ದು ಇವರೇ. ಆಮೇಲೆ ಆಗ ಜಪಾನನ್ನು ಆಳುತ್ತಿದ್ದ ಸೇನಾಧಿಪತಿ ಶೋಗನ್‌ಗೇ ಚಿಕಿತ್ಸೆ ಕೊಟ್ಟರು, ಅಂಧರಿಗೆ ಶಾಲೆ ತೆರೆದರು. ಏನು ಬೇಕು ಕೇಳು ಅಂತ ಶೋಗನ್ ಅಂದಾಗ ‘ಒಂದು ಕಣ್ಣು’ ಅಂದರಂತೆ. ಆತ ‘ಹಿತೋತ್ಸುಮೆ’ ಅನ್ನುವ ಕಡೆ ಜಾಗ ಕೊಟ್ಟನಂತೆ. ಆ ಮಾತಿಗೆ ಒಂದು ಕಣ್ಣು ಅನ್ನುವ ಅರ್ಥವೂ ಇದೆ! ಕಥೆ ಹೇಗೇ ಇರಲಿ, ನಾವು ಇಲ್ಲಿ ಸೂಜಿ ಚುಚ್ಚುವಾಗ ಬಳಸುವ ಪ್ಲಾಸ್ಟಿಕ್ ಕೊಳವೆ ಅದೇ ಉಪಾಯದ್ದು.

ಜಪಾನಿನಲ್ಲಿ ಮಸಾಜ್ ಇಂದಿಗೂ ಅಂಧರ ದೊಡ್ಡ ಕಸುಬು. ಅವರ ಹೊಟ್ಟೆಪಾಡಿಗೆ ಏಟು ಬೀಳದಿರಲಿ ಅಂತ, ಕಣ್ಣಿದ್ದವರಿಗೆ ಹೊಸ ಮಸಾಜ್ ಶಾಲೆ ತೆರೆಯುವುದಕ್ಕೆ 1964ರಲ್ಲಿ ಕಾನೂನಿನಲ್ಲಿ ಮಿತಿ ಹಾಕಿದರು. 2022ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು.

ನಮ್ಮ ದೇಶದಲ್ಲಿ ಅಹಮದಾಬಾದಿನ ಅಂಧಜನ ಮಂಡಳದವರು ದೃಷ್ಟಿ ಇಲ್ಲದವರಿಗೆ ಫಿಸಿಯೋಥೆರಪಿ ಕಲಿಸಿದ್ದಾರೆ. ಅಲ್ಲಿಗೊಮ್ಮೆ ಫೋನ್ ಮಾಡಿ ಕೇಳಿ.

ಒಂದು ಮಾತು. ‘ದೇವರು ಕಣ್ಣು ಕಿತ್ತುಕೊಂಡು ಕೈಗೆ ಶಕ್ತಿ ಕೊಟ್ಟ’ ಅಂತ ಜನ ಹೇಳುತ್ತಾರಲ್ವಾ, ನನ್ನ ಸೀನಿಯರ್‌ಗೆ ಅದನ್ನು ಕೇಳಿದರೆ ಕೋಪ ಬರುತ್ತಿತ್ತು. ‘ನಾನು ಕೂತು ಕಲಿತದ್ದನ್ನು ಸುಮ್ನೆ ದೇವರ ಲೆಕ್ಕಕ್ಕೆ ಬರೆಯಬೇಡಿ’ ಅನ್ನುತ್ತಿದ್ದರು. ಒಂದು ದಿನ ಮಂಡಿನೋವಿನ ಒಬ್ಬರನ್ನು ನಾನು ಕಾರಿಡಾರಿನಲ್ಲಿ ನಡೆಸಿ, ಮಂಡಿಯನ್ನೇ ದಿಟ್ಟಿಸುತ್ತಿದ್ದೆ. ಇವರು ಒಳಗಿಂದಲೇ ‘ಎಡಗಾಲಿನ ಮೇಲೆ ಭಾರ ಹಾಕುತ್ತಿಲ್ಲ, ಸೊಂಟ ನೋಡು’ ಅಂದರು. ಎರಡು ಹೆಜ್ಜೆಯ ಸದ್ದಿನ ನಡುವಿನ ಹೊತ್ತು ಸಮ ಇರಲಿಲ್ಲವಂತೆ. ಆಮೇಲೆ ಬಂದು ಆ ರೋಗಿಯ ಸೊಂಟದ ಎರಡೂ ಬದಿ ಕೈಯಿಟ್ಟು, ಜೊತೆಗೇ ನಡೆದು ಖಾತ್ರಿ ಮಾಡಿಕೊಂಡರು. ತೊಂದರೆ ಸೊಂಟದಲ್ಲೇ ಇತ್ತು.

ಹಾಗಂತ ಎಲ್ಲ ಸಲೀಸು ಅಂದುಕೊಳ್ಳಬೇಡಿ. ಕೈಬರಹದ ಕೇಸ್ ಶೀಟ್, ಎಕ್ಸ್‌ರೇ, ಚರ್ಮದ ಬಣ್ಣ ಬದಲಾಗಿದೆಯೇ ಅಂತ ನೋಡುವುದು, ಇದಕ್ಕೆಲ್ಲ ಇನ್ನೊಬ್ಬರ ಕಣ್ಣು ಬೇಕಾಗುತ್ತದೆ. ‘ಬೇರೆಯವರನ್ನು ಕಳಿಸಿ’ ಅನ್ನುವ ರೋಗಿಗಳೂ ಇದ್ದರು. ಸೀನಿಯರ್ ‘ಸರಿ’ ಅಂದು ನನ್ನನ್ನು ಕಳಿಸುತ್ತಿದ್ದರು. ಆಗಿನ್ನೂ ನನಗೆ ಅವರಿಗೆ ಗೊತ್ತಿದ್ದುದರ ಕಾಲು ಭಾಗವೂ ಬರುತ್ತಿರಲಿಲ್ಲ.

ತಮ್ಮನಿಗೆ ಸ್ಕ್ರೀನ್ ರೀಡರ್ (ಪರದೆಯ ಮೇಲಿನ ಬರಹವನ್ನು ಓದಿ ಹೇಳುವ ಸಾಫ್ಟ್‌ವೇರ್) ಬಳಸಲು ಈಗಲೇ ಕಲಿಸಿ, ದೃಷ್ಟಿ ಇನ್ನೂ ಕಡಿಮೆಯಾಗಲಿ ಅಂತ ಕಾಯಬೇಡಿ. ಯಾರಾದರೂ ಸೀನಿಯರ್‌ಗಳ ಹತ್ತಿರ ಬೋನ್ ಸೆಟ್, ಅಂದರೆ ಓದಲು ಬಳಸುವ ಮೂಳೆಗಳ ಸೆಟ್ ಸಿಕ್ಕರೆ ಅವನ ಕೈಗೆ ಕೊಡಿ. ಮಣಿಕಟ್ಟಿನಲ್ಲಿ ಎಂಟು ಸಣ್ಣ ಮೂಳೆ ಇವೆ. ಮುಟ್ಟಿಯೇ ಯಾವುದು ಯಾವುದು ಅಂತ ಹೇಳಲು ಅಭ್ಯಾಸ ಮಾಡಲಿ. ಕಣ್ಣು ಬಿಟ್ಟುಕೊಂಡು ನೋಡಿದರೂ ಅದರಲ್ಲಿ ಎರಡು ನನಗೆ ಇವತ್ತಿಗೂ ಅದಲುಬದಲಾಗುತ್ತವೆ.