ಓದುಗರ ಪ್ರಶ್ನೆ: ನಿಂಗ್ಯಾಕೆ ಈ ಉಸಾಬರಿ ಅಂತಾರೆ

ಪ್ರಶ್ನೆ: ಅಕ್ಕಾ, ನನ್ನ ತವರು ಧಾರವಾಡ. ಇಲ್ಲಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಸಂಜೆ ಹೊತ್ತು ಕಸೂತಿ ಹಾಕುತ್ತೇನೆ. ಜೊತೆಗೆ ಒಂದು ಸಣ್ಣ ಪ್ರೋಗ್ರಾಂ ಬರೆಯುತ್ತಿದ್ದೇನೆ. ಚಿತ್ತಾರ ಕೊಟ್ಟರೆ ಸೂಜಿ ಯಾವ ದಾರಿಯಲ್ಲಿ ಹೋಗಬೇಕು ಅಂತ ಅದು ತೋರಿಸಬೇಕು. ಎರಡೂ ಬಲು ನಿಧಾನ. "ಮಷೀನ್ ಕಸೂತಿಯ ಸೀರೆ ಅಂಗಡಿಯಲ್ಲೇ ಸಿಗುತ್ತೆ, ಕೋಡ್ ಬೇಕಂದ್ರೆ ಎಐ ಬರೆದು ಕೊಡುತ್ತೆ, ನಿಂಗ್ಯಾಕೆ ಈ ಉಸಾಬರಿ?" ಅಂತಾರೆ ಮನೆಯಲ್ಲಿ. ಏನು ಹೇಳಲಿ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ತಂಗಿ, ಸೀರೆ ಬೇಕು ಅಂದ್ರೆ ಅಂಗಡಿಗೆ ಹೋಗೋದೇ ಸರಿ. ಅವರು ಹೇಳೋದು ಅಷ್ಟರ ಮಟ್ಟಿಗೆ ನಿಜ. ಆದರೆ ನಿಮಗೆ ಸೀರೆಗಿಂತ ಜಾಸ್ತಿ ಬೇಕಾಗಿರೋದು ಆ ಚಿತ್ತಾರ ಹೇಗೆ ಕೂಡಿಕೊಳ್ಳುತ್ತೆ ಅನ್ನೋದು, ಅಲ್ವಾ? ಅದನ್ನು ಬೇರೆಯವರು ಮಾಡಿ ಕೈಗೆ ಕೊಡೋಕೆ ಆಗಲ್ಲ.

ನಾನು ಗಣಿತ ಪಾಠ ಮಾಡಿದವಳು, ಕಸೂತಿ ಕಲಿತದ್ದು ಅಮ್ಮನಿಂದ. ಹಾಗಾಗಿ ನಿಮ್ಮ ಪತ್ರ ಓದಿ ತುಂಬಾ ಖುಷಿಯಾಯಿತು. ಕಸೂತಿಯ ಗವಂತಿ ಹೊಲಿಗೆಯನ್ನೇ ನೋಡಿ. ಬಟ್ಟೆಯ ಮೇಲೆ ಗೆರೆ ಎಳೆಯುವ ಹಾಗಿಲ್ಲ, ಎಳೆ ಎಣಿಸಿಯೇ ಹಾಕಬೇಕು. ದಾರಕ್ಕೆ ಗಂಟೂ ಇಲ್ಲ. ಹೋಗುವಾಗ ಒಂದು ಹೊಲಿಗೆ ಮೇಲೆ, ಒಂದು ಕೆಳಗೆ. ಬರುವಾಗ ಖಾಲಿ ಬಿಟ್ಟ ಜಾಗ ತುಂಬಿಕೊಂಡು ಬರಬೇಕು. ಮುಗಿದ ಮೇಲೆ ಬಟ್ಟೆ ತಿರುವಿ ಹಾಕಿದರೆ ಎರಡೂ ಬದಿ ಒಂದೇ ಥರ ಕಾಣಬೇಕು.

ಈಗ ಗೋಪುರದ ಚಿತ್ತಾರದ ನಡುಗೆರೆಯಿಂದ ಪಕ್ಕಕ್ಕೆ ಒಂದು ಕವಲು ಬಂತು ಅಂತಿಟ್ಟುಕೊಳ್ಳಿ. ಅಮ್ಮ ಹೇಳುತ್ತಿದ್ದಳು, ಕವಲಿಗೆ ಹೋದರೆ ತುದಿ ಮುಟ್ಟಿ ಅದೇ ದಾರಿಯಲ್ಲಿ ವಾಪಸ್ ಬಾ, ಆಮೇಲೆ ಮುಂದೆ ಹೋಗು ಅಂತ. ಯಾಕೆ ಅಂತ ಅವಳು ಹೇಳಲಿಲ್ಲ. ಲೆಕ್ಕ ಹಾಕಿದರೆ ಗೊತ್ತಾಗುತ್ತೆ. ಕವಲಿನಲ್ಲಿ 3 ಹೊಲಿಗೆ ಇದ್ದರೆ ಹೋಗೋಕೆ 3, ಬರೋಕೆ 3, ಒಟ್ಟು 6. ಕವಲು ಎಷ್ಟೇ ಉದ್ದ ಇರಲಿ, ಹೋಗಿಬರುವ ಲೆಕ್ಕ ಯಾವಾಗಲೂ ಸಮಸಂಖ್ಯೆ. ಹಾಗಾಗಿ ಕವಲಿನ ಬುಡಕ್ಕೆ ಮರಳಿದಾಗ ಸೂಜಿ ಬಟ್ಟೆಯ ಯಾವ ಬದಿಯಲ್ಲಿತ್ತೋ ಅದೇ ಬದಿಯಲ್ಲಿರುತ್ತೆ. ಮೇಲೆ-ಕೆಳಗೆ ಅನ್ನೋ ಸರದಿ ಕೆಡಲ್ಲ. ಕವಲಿನೊಳಗೆ ಇನ್ನೊಂದು ಕವಲು ಬಂದರೂ ಇದೇ ಮಾತು. ನಿಮ್ಮ ಪ್ರೋಗ್ರಾಂನಲ್ಲಿ ತನ್ನನ್ನು ತಾನೇ ಮತ್ತೆ ಕೆಲಸಕ್ಕೆ ಕರೆಯುವ ಒಂದು ಫಂಕ್ಷನ್ (ಪ್ರೋಗ್ರಾಂನ ಒಂದು ತುಣುಕು) ಬರೆದರೆ ಅದು ಅಮ್ಮ ಹೇಳಿದ ನಿಯಮವೇ!

ಚೌಕ ಬಂದಾಗ ಮಾತ್ರ ಹುಷಾರಾಗಿರಿ. 4 ಹೊಲಿಗೆಯ ಚೌಕವನ್ನು ಒಂದು ಸುತ್ತು ಮುಗಿಸಿ ಅದೇ ದಿಕ್ಕಿನಲ್ಲಿ ಇನ್ನೊಂದು ಸುತ್ತು ಹೊರಟರೆ, ಮೊದಲು ಮೇಲೆ ಬಿದ್ದ ಹೊಲಿಗೆಯ ಮೇಲೇ ಮತ್ತೆ ಹೊಲಿಗೆ ಬೀಳುತ್ತೆ, ಖಾಲಿ ಜಾಗ ಹಾಗೇ ಉಳಿಯುತ್ತೆ. ಹಿಮ್ಮುಖವಾಗಿ ತಿರುಗಿ ಬಂದರೆ ಎಲ್ಲಾ ತುಂಬುತ್ತೆ. ಮೊದಲು ಬಟ್ಟೆಯ ಚೂರಿನ ಮೇಲೆ ಹಾಕಿ ನೋಡಿ, ಆಮೇಲೆ ಪ್ರೋಗ್ರಾಂ ಅದೇ ದಾರಿ ತೋರಿಸುತ್ತಾ ನೋಡಿ. ತೋರಿಸಿದ ಸಂಜೆ ನಿಮಗಾಗುವ ಖುಷಿ ನನಗೆ ಇಲ್ಲಿಂದಲೇ ಗೊತ್ತು. ಬಟ್ಟೆಯಲ್ಲೂ ಕೋಡಿನಲ್ಲೂ ನಿಮಗೆ ಗೊತ್ತಿಲ್ಲದ ಒಂದು ಮೂಲೆಯೂ ಆಗ ಉಳಿದಿರಲ್ಲ. ಆಫೀಸಿನ ಕೆಲಸದಲ್ಲಿ ಇದು ಸಿಗೋದು ಕಷ್ಟ. ಅಲ್ಲಿ ಒಬ್ಬರು ಬರೆದದ್ದರ ಮೇಲೆ ಇನ್ನೊಬ್ಬರು ಬರೆಯುತ್ತಾರೆ, ತಾರೀಕು ಬೇರೆ ಕುತ್ತಿಗೆ ಮೇಲೆ ಕೂತಿರುತ್ತೆ.

ಇನ್ನೊಂದು ಮಾತು. ಕಸೂತಿಯಿಂದಲೇ ಸಂಸಾರ ಸಾಗಿಸುವ ಹೆಣ್ಣುಮಕ್ಕಳು ಧಾರವಾಡ, ಹುಬ್ಬಳ್ಳಿ ಕಡೆ ಇದ್ದಾರೆ. ಸೀರೆ ಕೊಳ್ಳುವುದಾದರೆ ಕೈಕಸೂತಿಯದೇ ಕೊಳ್ಳಿ, ದಯವಿಟ್ಟು ಚೌಕಾಸಿ ಮಾಡಬೇಡಿ. ಅದಕ್ಕೆ ಎಷ್ಟು ಹೊತ್ತು ಹಿಡಿಯುತ್ತೆ ಅಂತ ನಿಮಗೆ ಈಗ ಗೊತ್ತು.

ಪ್ರಶ್ನೆ: ಬಿಡುವಿನಲ್ಲಿ ಒಂದು ಆ್ಯಪ್ ಮಾಡುತ್ತಿದ್ದೇನೆ. ಎರಡು ತಿಂಗಳಿಗೆ ಮುಗಿಸಬೇಕು ಅಂದುಕೊಂಡಿದ್ದೆ. ವರ್ಷವಾಯಿತು, ಬೇಜಾರಾಗಿದೆ.
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಡೊನಾಲ್ಡ್ ಕನೂತ್ ಅವರಂಥ ದೊಡ್ಡ ಕಂಪ್ಯೂಟರ್ ವಿಜ್ಞಾನಿಗೂ ಹೀಗೇ ಆಗಿತ್ತು. ತಮ್ಮ ಪುಸ್ತಕದ ಅಚ್ಚು ಅವರಿಗೆ ಹಿಡಿಸಲಿಲ್ಲ. 1977ರಲ್ಲಿ ಪುಟ ಜೋಡಿಸುವ ಪ್ರೋಗ್ರಾಂ ಒಂದನ್ನು ತಾವೇ ಬರೆಯಲು ಕೂತರು. ಬೇಗ ಮುಗಿಯುತ್ತೆ ಅಂದುಕೊಂಡಿದ್ದರು. ಹಿಡಿದದ್ದು ಹತ್ತು ವರ್ಷಕ್ಕೂ ಜಾಸ್ತಿ. 'ಟೆಕ್' (TeX) ಅನ್ನೋ ಆ ಪ್ರೋಗ್ರಾಂ ಇವತ್ತಿಗೂ ಗಣಿತದವರಿಗೆ ನೆಚ್ಚಿನದು. ನಮ್ಮಲ್ಲೇ ನೋಡಿ, ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ, ಕನ್ನಡ ಟೈಪ್ ಮಾಡುವ 'ಬರಹ' ತಂತ್ರಾಂಶದಿಂದ ಎಷ್ಟು ಮನೆಗಳ ಕಂಪ್ಯೂಟರ್‌ನಲ್ಲಿ ಕನ್ನಡ ಮೂಡಿತು!

ಎದ್ದು ಹೋಗುವ ಮುಂಚೆ ನಾಳೆ ಮಾಡಬೇಕಾದ ಒಂದೇ ಒಂದು ಸಣ್ಣ ಕೆಲಸವನ್ನು ಕೋಡಿನ ಪಕ್ಕದಲ್ಲೇ ಕನ್ನಡದಲ್ಲಿ ಬರೆದಿಡಿ. ಮರುದಿನ ಕೂತ ಕೂಡಲೇ ಕೈ ಓಡುತ್ತೆ. ಕಸೂತಿ ಹಾಕುವಾಗ ಸಾಲಿನ ಮಧ್ಯೆಯೇ ನಿಲ್ಲಿಸಿ ಸೂಜಿಯನ್ನು ಬಟ್ಟೆಯಲ್ಲೇ ಚುಚ್ಚಿಡೋದು ನನ್ನ ರೂಢಿ. ಸಾಲು ಮುಗಿಸಿ ಇಟ್ಟರೆ ಮತ್ತೆ ಎತ್ತಿಕೊಳ್ಳೋಕೆ ಸೋಮಾರಿತನ ಬರುತ್ತೆ.

ಪ್ರಶ್ನೆ: ಕಸೂತಿ ಕಲಿಯಲು ಯಾವ ಬಟ್ಟೆ ಒಳ್ಳೆಯದು?
— ಓದುಗರೊಬ್ಬರು, ಗದಗ

ಉತ್ತರ: ಮ್ಯಾಟಿ ಬಟ್ಟೆ. ಎಳೆ ಸ್ಪಷ್ಟವಾಗಿ ಕಾಣುತ್ತೆ, ಎಣಿಸೋದು ಸುಲಭ. ಮೊಂಡು ತುದಿಯ ಸೂಜಿ ತಗೊಳ್ಳಿ. ಮೊದಲು ಗವಂತಿ ಕಲಿಯಿರಿ, ಆಮೇಲೆ ಮೆಟ್ಟಿಲಿನ ಹಾಗೆ ಅಂಕುಡೊಂಕಾಗಿ ಹೋಗುವ ಮುರ್ಗಿ ಹೊಲಿಗೆ. ಆ ಎರಡು ಕೈಗೆ ಹತ್ತಿದ ಮೇಲೆ ನೇಯ್ದ ಹಾಗೆ ಕಾಣುವ ನೇಯ್ಗಿ, ಅಡ್ಡಡ್ಡ ಕತ್ತರಿಯಾಕಾರದ ಮೆಂತಿ. ರೇಷ್ಮೆ ಸೀರೆಯ ಮೇಲೆ ಹಾಕುವಾಗ ಎಳೆ ಕಾಣಲ್ಲ. ಅದಕ್ಕೆ ಸೀರೆಯ ಮೇಲೆ ಕ್ಯಾನ್ವಾಸ್ ಬಟ್ಟೆಯ ತುಂಡು ಇಟ್ಟು ಹೊಲಿದುಕೊಂಡು, ಅದರ ಎಳೆ ಎಣಿಸಿ ಕಸೂತಿ ಹಾಕಿ. ಮುಗಿದ ಮೇಲೆ ಕ್ಯಾನ್ವಾಸಿನ ಎಳೆಗಳನ್ನು ಒಂದೊಂದಾಗಿ ಜಗ್ಗಿ ತೆಗೆಯಿರಿ. ಒಟ್ಟಿಗೆ ಜಗ್ಗಿದರೆ ಹೊಲಿಗೆ ಬಿಗಿದು ಸೀರೆ ನೆರಿಗೆಗಟ್ಟುತ್ತೆ.