ರಾಯಚೂರು ಸ್ಟೇಷನ್ ಮುಂದೆ ಮಲಗುವವರಿಗೆ ಮನೆ ಕೊಡಿಸಲು ಯಾರಿಗೆ ಅರ್ಜಿ ಹಾಕಬೇಕು?

ಇದೇ ಪ್ರಶ್ನೆ ಹೊತ್ತು ನಾನೂ ಕಚೇರಿ ಅಲೆದವನು. ಅರ್ಜಿಯಲ್ಲಿ 'ಮನೆ ಕೊಡಿ' ಎಂದೇ ಬರೆದಿದ್ದೆ. ನೀವು ಹಾಗೆ ಬರೆಯಬೇಡಿ.

ಮನೆ ಅಂದ ಕೂಡಲೇ ಕಡತ, ಮನೆ ಯಾರಿಗೆ ಅಂತ ಆರಿಸುವ, ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿಗೆ ಹೋಗುತ್ತದೆ. ಅಲ್ಲಿ ಆಧಾರ್, ರೇಷನ್ ಕಾರ್ಡು, ಆದಾಯ ಪ್ರಮಾಣಪತ್ರ ಕೇಳುತ್ತಾರೆ. ಸ್ವತಃ ಕಟ್ಟಿಕೊಳ್ಳುವ ಯೋಜನೆಯಾದರೆ ನಿವೇಶನದ ಹಕ್ಕುಪತ್ರವೂ ಬೇಕು. ದುಡ್ಡು ಒಮ್ಮೆಲೇ ಬರುವುದಿಲ್ಲ. ತಳಪಾಯ, ಗೋಡೆ, ಛಾವಣಿ ಎದ್ದಂತೆ ಫೋಟೊ ಅಪ್‌ಲೋಡ್ ಆಗಿ ಕಂತು ಬಿಡುಗಡೆಯಾಗುತ್ತದೆ. ಅಂದರೆ ಮೊದಲು ಕೈಯಿಂದ ಹಾಕಬೇಕು. ರಾಜೇಂದ್ರ ಗಂಜ್ ಮಾರುಕಟ್ಟೆಯಲ್ಲಿ ಚೀಲ ಹೊತ್ತು ಅವತ್ತಿನದು ಅವತ್ತೇ ತಿನ್ನುವ ಹಮಾಲ ಎಲ್ಲಿಂದ ಹಾಕುತ್ತಾನೆ?

ನೀವು ನಗರಾಡಳಿತವನ್ನು ಕೇಳಬೇಕಾದದ್ದು ನಗರ ವಸತಿರಹಿತರ ಆಶ್ರಯ ಕೇಂದ್ರ. 2024ರಲ್ಲಿ ಮುಗಿದ, ಕೇಂದ್ರ ಸರ್ಕಾರದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿಯ ಲೆಕ್ಕ ಹೀಗಿತ್ತು: 1 ಲಕ್ಷ ಜನಸಂಖ್ಯೆಗೆ ಕನಿಷ್ಠ 100 ಜನರಿಗೆ ಜಾಗ, ಒಂದು ಕೇಂದ್ರದಲ್ಲಿ 50ರಿಂದ 100 ಜನ, ತಲೆಗೆ 50 ಚದರ ಅಡಿ. ಒಬ್ಬ ವ್ಯವಸ್ಥಾಪಕ, 8 ಗಂಟೆಯ ಪಾಳಿಯಲ್ಲಿ ಮೂವರು ಕೇರ್‌ಟೇಕರ್. 2011ರ ಜನಗಣತಿಯಲ್ಲೇ ರಾಯಚೂರು 2 ಲಕ್ಷ ದಾಟಿತ್ತು, ಬಳ್ಳಾರಿ 4 ಲಕ್ಷ. ಎಷ್ಟು ಹಾಸಿಗೆ ಇರಬೇಕಿತ್ತು ಅಂತ ನೀವೇ ಗುಣಿಸಿಕೊಳ್ಳಿ. ಕೇಂದ್ರ 24 ಗಂಟೆಯೂ ತೆರೆದಿರಬೇಕು ಎಂಬ ನಿಯಮವನ್ನು ಮಾತ್ರ ಬಿಟ್ಟುಕೊಡಬೇಡಿ. ನಮ್ಮ ಕಡೆ ಮೇ ತಿಂಗಳ ಮಧ್ಯಾಹ್ನ ರಾತ್ರಿಗಿಂತ ಕೆಟ್ಟದು.

ಈಗ ನನ್ನ ತಪ್ಪು. ಒಂದು ಊರಿನಲ್ಲಿ ಸಮೀಕ್ಷೆಗೆ ನಿಂತಾಗ ನಾವು ಹಗಲು ಎಣಿಸಿದೆವು. ಬೆಳಿಗ್ಗೆ 11ಕ್ಕೆ ಹೊರಟೆವು, ಜೊತೆಗೆ ಬಿಲ್ ಕಲೆಕ್ಟರ್ ಇದ್ದರು. ಆ ಹೊತ್ತಿಗೆ ಹಮಾಲರು ಮಂಡಿಯಲ್ಲಿ, ಚಿಂದಿ ಆಯುವವರು ಓಣಿಗಳಲ್ಲಿ, ಹೋಟೆಲ್ ಹುಡುಗರು ಒಲೆ ಮುಂದೆ, ಒಂಟಿ ಹೆಂಗಸರು ದರ್ಗಾ, ಗುಡಿಗಳ ನೆರಳಲ್ಲಿ. ಸಿಕ್ಕವರೆಲ್ಲ ಎದ್ದು ಹೋಗಲಾಗದ ಮುದುಕರು, ರೋಗಿಗಳು. ಹೆಸರು ಒಂದು ಹಾಳೆಯೂ ತುಂಬಲಿಲ್ಲ. ಆ ಹಾಳೆ ನೋಡಿ ಕೇಂದ್ರದ ಅಳತೆ ಸಣ್ಣದಾಯಿತು. ಮುದುಕರಿಗೆ ತಾನೇ ಅಂತ ಊರಾಚೆ ಖಾಲಿ ಬಿದ್ದಿದ್ದ ಸರ್ಕಾರಿ ಕಟ್ಟಡ ನಿಗದಿಯಾಯಿತು. ದುಡಿಯುವವರು ಅಲ್ಲಿಗೆ ಬರಲಿಲ್ಲ. ನಸುಕಿನಲ್ಲಿ ಲಾರಿ ಇಳಿಸಬೇಕಾದವನು ಆಟೊಗೆ ಕೊಟ್ಟು ಊರಾಚೆ ಮಲಗುತ್ತಾನೆಯೇ? ಹಾಸಿಗೆ ಖಾಲಿ ಉಳಿದವು. ಮರುವರ್ಷದ ಕಡತದಲ್ಲಿ 'ಬೇಡಿಕೆ ಇರುವುದಿಲ್ಲ' ಎಂದು ಷರಾ ಬಿತ್ತು. ಜಾಗ, ಅಳತೆ, ಮುಂದಿನ ಅನುದಾನ ಮೂರೂ ಆ ಒಂದು ಎಣಿಕೆಯಲ್ಲೇ ಹೋದವು.

ರಾತ್ರಿ 10ರ ಮೇಲೆ ಎಣಿಸಿ, ಎಲ್ಲ ವಾರ್ಡಿನಲ್ಲಿ ಒಂದೇ ರಾತ್ರಿ. ಜನಗಣತಿಯವರೂ 2011ರಲ್ಲಿ ಮನೆಯಿಲ್ಲದವರನ್ನು ಎಣಿಸಿದ್ದು ಫೆಬ್ರವರಿ 28ರ ಒಂದೇ ರಾತ್ರಿ. ನಗರಾಡಳಿತದ ಸಮುದಾಯ ಸಂಘಟಕರ ಜೊತೆ ಅಲ್ಲೇ ಮಲಗುವ ಒಬ್ಬರನ್ನು ಕರೆದುಕೊಳ್ಳಿ. ಎಬ್ಬಿಸಬೇಡಿ. ಜಾಗ, ಹೆಣ್ಣೋ ಗಂಡೋ, ಅಂದಾಜು ವಯಸ್ಸು, ಒಂಟಿಯೋ ಸಂಸಾರವೋ ಇಷ್ಟು ಬರೆದರೆ ಸಾಕು. ಎಚ್ಚರವಿದ್ದವರಿಂದ ಕೆಲಸದ ಹೊತ್ತನ್ನೂ ಕೇಳಿ. ಕೇಂದ್ರ ಎಲ್ಲಿರಬೇಕು ಅಂತ ಹೇಳುವುದು ಅದೇ. ಖಾಕಿ ಮುಂದೆ ಬೇಡ. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಹಿಡಿದು ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ ಒಯ್ಯುತ್ತಾರೆಂದು ಜನ ಚದುರುತ್ತಾರೆ. ಆ ಕೇಂದ್ರ ಬೇರೆ, ನೀವು ಕೇಳುವುದು ಬೇರೆ. ನಿಮ್ಮ ಆಸ್ತಿ ತೆರಿಗೆಯ ಮೇಲಿನ 3% ಭಿಕ್ಷುಕರ ಕರ ಹೋಗುವುದು ಆ ಕಡೆಗೆ. ಆಶ್ರಯ ಕೇಂದ್ರದ ಖರ್ಚಿಗೆ ದುಡ್ಡಿಲ್ಲ ಅಂದರೆ, ಪರಿಶಿಷ್ಟ ಜಾತಿ, ಪಂಗಡದವರನ್ನು ಬಿಟ್ಟು ಉಳಿದ ಬಡವರ ಕಲ್ಯಾಣಕ್ಕೆಂದು ನಗರಾಡಳಿತ ತೆಗೆದಿಡುವ 7.25% ನಿಧಿಯಲ್ಲಿ ಎಷ್ಟು ಉಳಿದಿದೆ ಅಂತ ಲಿಖಿತವಾಗಿ ಕೇಳಿ.

ಲಾಕರ್ ಮರೆಯಬೇಡಿ. ಎಷ್ಟು ಕರೆದರೂ ಬಾರದ ಒಬ್ಬ ಅಜ್ಜ ಗೋಣಿಚೀಲ ತಲೆದಿಂಬು ಮಾಡಿಕೊಂಡೇ ಕೇಳಿದ್ದ, "ಇದನ್ನ ಎಲ್ಲಿ ಇಡ್ಲೋ ತಮ್ಮಾ?" ಬೀಗ ಹಾಕುವ ಒಂದು ಗೂಡು ಇಲ್ಲದೆ ಹಾಸಿಗೆ ಖಾಲಿ ಬೀಳುತ್ತದೆ.

ಮನೆಯ ಅರ್ಜಿ ಇದಾದ ಮೇಲೆ. ಮಾನ್ಯತೆ ಪಡೆದ ಆಶ್ರಯ ಕೇಂದ್ರದ ಮುಖ್ಯಸ್ಥರು ನಿಗದಿತ ನಮೂನೆಯಲ್ಲಿ ಕೊಡುವ ಪ್ರಮಾಣಪತ್ರ ಆಧಾರ್‌ಗೆ ದಾಖಲೆಯಾಗುತ್ತದೆ. ಮತದಾರರ ಪಟ್ಟಿಗೆ ನಮೂನೆ 6 ತುಂಬಿಸಿ, ಮಲಗುವ ಜಾಗವನ್ನೇ ವಿಳಾಸವಾಗಿ ಬರೆಸಿ. ವಸತಿರಹಿತರಿಗೆ ವಿಳಾಸದ ದಾಖಲೆ ಬೇಕಿಲ್ಲ. ಮತಗಟ್ಟೆ ಮಟ್ಟದ ಅಧಿಕಾರಿ (ಬಿಎಲ್ಒ) ರಾತ್ರಿ ಬಂದು ನೋಡುತ್ತಾರೆ, ಒಂದೇ ರಾತ್ರಿಯಲ್ಲ. ಅದು ಮುಗಿಯುವ ತನಕ ಬೇರೆ ಕಟ್ಟೆಗೆ ಹೋಗಿ ಮಲಗಬೇಡಿ ಅಂತ ಅವರಿಗೆ ಬಿಡಿಸಿ ಹೇಳಿ.